ಕಂಬಳಿ ಕೊಪ್ಪೆಯಿಂದ ಕೇಪ್: ಒಂದೇ ಕತ್ತರಿಯಲ್ಲಿ ಎರಡು ಉಡುಪು

ಮಲೆನಾಡಿನ ಮಳೆಗಾಲದಲ್ಲಿ ಗದ್ದೆಗಿಳಿಯುವವರು ತಲೆಯಿಂದ ಮೊಣಕಾಲಿನವರೆಗೆ ಹೊದ್ದುಕೊಳ್ಳುತ್ತಿದ್ದ ಕಂಬಳಿ ಕೊಪ್ಪೆಗೆ ಗುಂಡಿಯಿಲ್ಲ, ತೋಳಿಲ್ಲ, ಹೊಲಿಗೆಯೂ ಇಲ್ಲ. ಮಗ್ಗದಿಂದ ಇಳಿದ ಕಂಬಳಿಯನ್ನು ಹಾಗೇ ಮಡಚಿ ತಲೆಗೆ ಹಾಕಿಕೊಂಡರೆ ಮುಗಿಯಿತು. ಇವತ್ತು ಅಂಗಡಿಯಲ್ಲಿ ಹುಡ್ ಇರುವ ಕೇಪ್, ಪೊಂಚೊ ಎಂದು ನೇತುಹಾಕಿರುವ ಉಡುಪುಗಳ ಲೆಕ್ಕಾಚಾರವೂ ಇದೇ. ಆಂಡಿಸ್ ಬೆಟ್ಟಗಳ ಜನ ನೇಯ್ದ ಎರಡು ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ, ನಡುವೆ ತಲೆ ತೂರುವಷ್ಟು ಜಾಗ ಹೊಲಿಯದೆ ಬಿಟ್ಟರು. ಅದು ಪೊಂಚೊ ಆಯಿತು. 1850ರ ದಶಕದಲ್ಲಿ ಅಮೆರಿಕದ ಸೈನಿಕರು ಅದೇ ಆಕಾರವನ್ನು ರಬ್ಬರಿನಂಥ ಅಂಟು ಬಳಿದ ಬಟ್ಟೆಯಲ್ಲಿ ಮಳೆಗೆ ತೊಟ್ಟರು. ನಮ್ಮಲ್ಲಿ ಕುರುಬರು ನೇಯ್ದ ಬಟ್ಟೆ ಮಡಿಕೆಯಲ್ಲೇ ಟೊಪ್ಪಿಗೆಯೂ ಕೋಟೂ ಆಯಿತು. ಮಹಾರಾಷ್ಟ್ರದಲ್ಲಿ ಘೋಂಗಡಿ, ತೆಲಂಗಾಣದಲ್ಲಿ ಗೊಂಗಡಿ ಎಂದು ಕರೆಯುವುದೂ ದಖ್ಖನಿನ ಇದೇ ಒರಟು ಉಣ್ಣೆಯ ಬಟ್ಟೆಯನ್ನೇ.

ಒಂದು ಕೈಮಗ್ಗದ ಕಂಬಳಿಯಿಂದ ಮೊದಲು ಹೊಲಿಗೆಯಿಲ್ಲದ ಕೊಪ್ಪೆ, ಆಮೇಲೆ ಪೇಟೆಯಲ್ಲೂ ತೊಡಬಹುದಾದ ಎರಡು ಕೇಪ್ ಮಾಡುವ ಕ್ರಮ ಇಲ್ಲಿದೆ. ಕಂಬಳಿಯನ್ನು ಪ್ಯಾಂಟಿನ ಬಟ್ಟೆಯಂತೆ ಭಾವಿಸಿ ಮಾದರಿ ಕಾಗದ ಇಟ್ಟು ಕತ್ತರಿಸಲು ಹೊರಟರೆ ಕೆಲಸ ಅಲ್ಲಿಗೇ ಕೆಟ್ಟಿತು. ಇದರ ಅಳತೆ ಮಗ್ಗದ ಅಗಲದಲ್ಲೇ ಇದೆ. ಕತ್ತರಿ ಕಡಿಮೆ ಆಡಿದಷ್ಟೂ ಉಡುಪು ಹೆಚ್ಚು ಬಾಳುತ್ತದೆ.

ಕಂಬಳಿ ಆರಿಸುವುದು

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿ ಕಡೆಯ ಕಂಬಳಿಗಳು ಹೆಸರಾದವು. ಕುರಿಯ ಉಣ್ಣೆ ಕತ್ತರಿಸಿ, ಹಿಂಜಿ, ರಾಟೆಯಲ್ಲಿ ನೂತು, ಹಾಸಿನ ನೂಲಿಗೆ (ಉದ್ದಕ್ಕೆ ಓಡುವ ಎಳೆಗಳಿಗೆ) ಹುಣಸೆ ಬೀಜದ ಗಂಜಿ ಬಳಿದು, ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವ ಗುಂಡಿ ಮಗ್ಗದಲ್ಲಿ ನೇಯುತ್ತಾರೆ. ಕೈಯಲ್ಲಿ ನೂತ ನೂಲು ಒಂದು ಕಡೆ ದಪ್ಪ, ಒಂದು ಕಡೆ ತೆಳು. ಕಂಬಳಿಯನ್ನು ಬೆಳಕಿಗೆ ಹಿಡಿದರೆ ಈ ಏರಿಳಿತ ಕಾಣಬೇಕು. ಎಲ್ಲ ಎಳೆಯೂ ಅಚ್ಚು ಹೊಡೆದಂತೆ ಒಂದೇ ಸಮ ಇದ್ದರೆ ಅದು ಗಿರಣಿಯ ನೂಲು.

ಸಂತೆಯಲ್ಲಿ ಕಪ್ಪಗೆ, ಒರಟಾಗಿ ಕಂಡದ್ದೆಲ್ಲ ಕುರಿ ಉಣ್ಣೆಯಲ್ಲ. ಹಳೆಯ ಸ್ವೆಟರುಗಳನ್ನು ಹರಿದು ಮತ್ತೆ ನೂತು ಮಾಡುವ ಪಾಣಿಪತ್ತಿನ ಅಗ್ಗದ ಹೊದಿಕೆಗಳೂ ಕಂಬಳಿ ಎಂಬ ಹೆಸರಿನಲ್ಲೇ ಮಾರಾಟವಾಗುತ್ತವೆ. ಅಂಚಿನಿಂದ ಒಂದು ಎಳೆ ಕಿತ್ತು ಬೆಂಕಿಗೆ ಹಿಡಿದು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆಂಕಿ ತೆಗೆದ ಕೂಡಲೇ ಆರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಆದರೆ ಕರಗಿ ತೊಟ್ಟಿಕ್ಕಿ ಗಟ್ಟಿ ಮಣಿಯಾಗುತ್ತದೆ. ಇನ್ನೊಂದು ಪರೀಕ್ಷೆ ಬಣ್ಣದ್ದು. ಒದ್ದೆ ಬಿಳಿ ಬಟ್ಟೆಯಿಂದ ಗಟ್ಟಿಯಾಗಿ ಒಂದು ನಿಮಿಷ ಉಜ್ಜಿ. ಕುರಿಯ ಸಹಜ ಕಪ್ಪು ಬಟ್ಟೆಗೆ ಹತ್ತುವುದಿಲ್ಲ. ಬಣ್ಣ ಹಾಕಿದ ಕಪ್ಪು ಹತ್ತಿದರೆ ಆ ಕಂಬಳಿ ಮೊದಲ ಮಳೆಗೇ ನಿಮ್ಮ ಅಂಗಿಯನ್ನು ಹಾಳು ಮಾಡುತ್ತದೆ. ಸಹಜ ಕಪ್ಪು ಬಿಸಿಲಿಗೆ ಕ್ರಮೇಣ ಕಂದಾಗುವುದು ದೋಷವಲ್ಲ.

ಇಲ್ಲಿಯ ಅಳತೆಗಳಿಗೆ 48 ಇಂಚು ಅಗಲ, 96 ಇಂಚು ಉದ್ದದ ಕಂಬಳಿಯನ್ನು ಇಟ್ಟುಕೊಂಡಿದೆ. ಕೈಮಗ್ಗದಲ್ಲಿ ಎರಡು ಕಂಬಳಿ ಒಂದೇ ಅಳತೆ ಬರುವುದಿಲ್ಲ, ಟೇಪು ಹಿಡಿದೇ ಕೊಳ್ಳಿ. ಕೊಳ್ಳುವ ಮುಂಚೆ ತೊಡುವವರ ಒಂದು ಅಳತೆ ಬೇಕು. ಎರಡೂ ತೋಳು ಇಳಿಬಿಟ್ಟು ನಿಂತಾಗ, ತೋಳುಗಳನ್ನೂ ಸೇರಿಸಿ ಎದೆಯ ಸುತ್ತಳತೆ ತೆಗೆಯಿರಿ. ಅದು 46 ಇಂಚು ಮೀರಿದರೆ 48 ಇಂಚಿನ ಕಂಬಳಿ ಮುಂದೆ ಕೂಡುವುದಿಲ್ಲ, 54 ಇಂಚಿನದು ಹುಡುಕಿ. ಕೊಪ್ಪೆಗಾದರೆ ಈ ಚಿಂತೆ ಬೇಡ. ಬಗ್ಗಿ ನಾಟಿ ಮಾಡುವವರಿಗೆ ಮಳೆ ಬೀಳುವುದು ಬೆನ್ನಿಗೆ, ಅದಕ್ಕೇ ಕೊಪ್ಪೆ ಮುಂದೆ ತೆರೆದೇ ಇರುತ್ತದೆ.

ಮೊದಲು ನೆನೆಸಬೇಕು

ಹೊಸ ಕಂಬಳಿ ಗಂಜಿಯಿಂದ ಹಲಗೆಯಂತೆ ಬಿಗಿದಿರುತ್ತದೆ. ಹಾಗೇ ಹೊಲಿದರೆ ಮೊದಲ ಒಗೆತದಲ್ಲಿ ಗಂಜಿ ಬಿಟ್ಟು, ಉಣ್ಣೆ ಕುಗ್ಗಿ, ಹೊಲಿಗೆ ಸುಕ್ಕಾಗುತ್ತದೆ. ಎಷ್ಟು ಕುಗ್ಗುತ್ತದೆ ಎಂಬುದು ನೂಲಿನ ಹುರಿ, ನೇಯ್ಗೆಯ ಬಿಗಿ ನೋಡಿಕೊಂಡು ಬೇರೆಬೇರೆ. ಆದ್ದರಿಂದ ಕಂಬಳಿಯ ಮೇಲೆ ಉದ್ದಕ್ಕೂ ಅಡ್ಡಕ್ಕೂ ಸರಿಯಾಗಿ 20 ಇಂಚಿಗೆ ಬಿಳಿ ದಾರದ ಗುರುತು ಹಾಕಿ, ಒಗೆದ ಮೇಲೆ ಮತ್ತೆ ಅಳೆಯಿರಿ. 20 ಇಂಚು 19 ಆಗಿದ್ದರೆ ನೂರಕ್ಕೆ ಐದು ಕುಗ್ಗಿದೆ ಎಂದಾಯಿತು. ಇನ್ನೊಮ್ಮೆ ನೆನೆಸಿ ಅಳೆದಾಗ ಗುರುತು ಕದಲದಿದ್ದರೆ ಹೊಲಿಗೆಗೆ ಸಿದ್ಧ.

ದೊಡ್ಡ ಬಕೆಟ್ ಅಥವಾ ತೊಟ್ಟಿಯಲ್ಲಿ ತಣ್ಣೀರು ತುಂಬಿ 40 ನಿಮಿಷ ಮುಳುಗಿಸಿಡಿ. ಸೋಪು ಬೇಕೆನಿಸಿದರೆ ಅಂಟುವಾಳ ಕಾಯಿ ನೆನೆಸಿದ ನೀರು ಸಾಕು. ಬಟ್ಟೆ ಸೋಡಾ ಬೇಡ, ಪುಡಿ ಡಿಟರ್ಜೆಂಟ್ ಬೇಡ. ಕ್ಷಾರ ಉಣ್ಣೆಯನ್ನು ಕೆಡಿಸುತ್ತದೆ. ಕಲೆ ತೆಗೆಯುವ ಕಿಣ್ವ ಸೇರಿಸಿದ ಪುಡಿಗಳಂತೂ ಮೊಟ್ಟೆ, ರಕ್ತದ ಕಲೆಯಂತೆ ಉಣ್ಣೆಯನ್ನೂ ಪ್ರೋಟೀನ್ ಎಂದೇ ತಿನ್ನುತ್ತವೆ. ಉಜ್ಜಬೇಡಿ, ಕಲ್ಲಿಗೆ ಬಡಿಯಬೇಡಿ, ಹಿಂಡಬೇಡಿ. ಉಣ್ಣೆಯ ಎಳೆಯ ಮೇಲೆ ಮೀನಿನ ಹುರುಪೆಯಂಥ ಪದರಗಳಿವೆ. ಬಿಸಿನೀರು, ಸೋಪು, ಉಜ್ಜಾಟ ಮೂರೂ ಸೇರಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಗಟ್ಟಿಯಾಗುತ್ತದೆ. ಒಮ್ಮೆ ಹಾಗಾದ ಕಂಬಳಿಯನ್ನು ಹಿಂದಕ್ಕೆ ಎಳೆದು ಸರಿಮಾಡಲು ಬರುವುದಿಲ್ಲ. ನೀರು ಚೆಲ್ಲಿ, ಕೈಯಿಂದ ಒತ್ತಿ ನೀರಿಳಿಸಿ, ನೆರಳಲ್ಲಿ ಎರಡು ಹಗ್ಗಗಳ ಮೇಲೆ ಅಗಲವಾಗಿ ಹರಡಿ. ಒಂದೇ ಹಗ್ಗಕ್ಕೆ ಹಾಕಿದರೆ ನೀರಿನ ಭಾರಕ್ಕೆ ನಡುವೆ ಜೋತು ಉದ್ದವಾಗುತ್ತದೆ.

ಹೊಲಿಗೆಯಿಲ್ಲದ ಕೊಪ್ಪೆ

ಮಡಿಕೆ ಊರಿಂದ ಊರಿಗೆ ಬೇರೆ. ಸುಲಭವಾದದ್ದು ಹೀಗೆ. ಕಂಬಳಿಯನ್ನು ನೆಲಕ್ಕೆ ಹಾಸಿ, ಉದ್ದವನ್ನು ಅರ್ಧಕ್ಕೆ ಮಡಚಿ: 48 ಇಂಚಿನ ಚೌಕ, ಎರಡು ಪದರ. ಮಡಿಕೆ ತಲೆಯ ಕಡೆ ಬರಲಿ, ಕುಚ್ಚಿನ ತುದಿಗಳು ಕಾಲಿನ ಕಡೆ. ಈಗ ಎಡ ಬಲದ ಅಂಚುಗಳು ಕೂಡುವಂತೆ ಇನ್ನೊಂದು ಮಡಿಕೆ. ಮೇಲ್ತುದಿ ಈಗ 24 ಇಂಚು. ಅದರಲ್ಲಿ ಬೆನ್ನಿನ ಮಡಿಕೆಯ ಕಡೆಯಿಂದ 14 ಇಂಚಿನವರೆಗೆ ಮೇಲ್ತುದಿಗಳನ್ನು ಕೂಡಿಸಿ ದಪ್ಪ ಸೇಫ್ಟಿ ಪಿನ್ನು ಅಥವಾ ಬಿದಿರಿನ ಕಡ್ಡಿ ಚುಚ್ಚಿ. ಮೂಲೆಯ ಚೂಪನ್ನು ಒಳಕ್ಕೆ ತಳ್ಳಿದರೆ ತಲೆ ಕೂರುವ ಗೂಡಾಯಿತು. ಗೋಣಿಚೀಲದ ಒಂದು ಮೂಲೆಯನ್ನು ಇನ್ನೊಂದರೊಳಗೆ ತುರುಕಿ ಮಾಡುವ ಗೋಣಿ ಕೊಪ್ಪೆ ಗೊತ್ತಿದ್ದವರಿಗೆ ಇದನ್ನು ಹೇಳಿಕೊಡುವುದೇ ಬೇಡ.

ಎರಡು ಪದರ ಯಾಕೆಂದರೆ ಮಳೆ ಮೊದಲು ಮೇಲಿನ ಪದರದಲ್ಲಿ ಇಂಗುತ್ತದೆ, ಒಳಪದರ ಬೆಚ್ಚಗೇ ಇರುತ್ತದೆ. ಉಣ್ಣೆ ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ತೇವವನ್ನು ಒದ್ದೆ ಅನ್ನಿಸದಂತೆ ಹೀರಬಲ್ಲದು, ಹೀರುವಾಗ ಒಂದಿಷ್ಟು ಶಾಖವನ್ನೂ ಬಿಡುತ್ತದೆ. ಹಾಗೆಂದು ಆಷಾಢದ ಜಡಿಮಳೆಗೆ ಇಡೀ ದಿನ ನಿಂತರೆ ಕಂಬಳಿಯೂ ತೊಯ್ಯುತ್ತದೆ, ಹೊರಲಾರದಷ್ಟು ಭಾರವಾಗುತ್ತದೆ. ಎಲೆ, ಬಿದಿರಿನಿಂದ ಹೆಣೆದ ಗೊರಬು ಅದಕ್ಕೇ ಇತ್ತು.

ಎರಡು ಕೇಪ್: ಕತ್ತರಿ ಎಲ್ಲಿ ಹಾಕಬೇಕು

ಕೇಪ್‌ಗೆ ಒಂದೇ ಪದರ ಸಾಕು, ಆದ್ದರಿಂದ 96 ಇಂಚನ್ನು ನಡುವೆ ಕತ್ತರಿಸಿದರೆ 48 ಇಂಚಿನ ಎರಡು ಚೌಕ. ಇಡೀ ಕೆಲಸದಲ್ಲಿ ಕತ್ತರಿ ಆಡುವುದು ಇದೊಂದೇ ಸಲ. ಕತ್ತರಿಸಿದ ಅಂಚು ಎರಡರಲ್ಲೂ ತಲೆಯ ಮೇಲಕ್ಕೆ ಹೋಗಿ ಹುಡ್‌ನ ಹೊಲಿಗೆಯಲ್ಲಿ ಬಹುಪಾಲು ಅಡಗುತ್ತದೆ. ನೇಕಾರರು ಮುಗಿಸಿದ ತುದಿ ಕೆಳಗೆ ಬರುತ್ತದೆ, ಮಗ್ಗದ ಅಂಚು ಮುಂದೆ ತೆರೆದಿರುವ ಬದಿಯಾಗುತ್ತದೆ. ಬಣ್ಣದ ಅಂಚಿನ ಕಂಬಳಿಯಾದರೆ ಎದೆಯ ಎರಡೂ ಬದಿ ಗೆರೆ ತಾನಾಗಿಯೇ ಕೂತಿರುತ್ತದೆ. ಹಾಸಿನ ಎಳೆಗಳು ಮೇಲಿನಿಂದ ಕೆಳಕ್ಕೆ ಬರುವುದರಿಂದ ಬಟ್ಟೆ ನೆಟ್ಟಗೆ ಇಳಿಯುತ್ತದೆ. ಚೌಕವನ್ನು ಅಡ್ಡ ತಿರುಗಿಸಿದರೆ ಕೇಪ್ ಬೆನ್ನಿನಲ್ಲಿ ಚೀಲದಂತೆ ಉಬ್ಬುತ್ತದೆ.

ಕತ್ತರಿಸುವ ಮೊದಲು ಹೊಲಿಯಬೇಕು. ನಡುಗೆರೆಗೆ ಬಿಳಿ ದಾರದ ಕಚ್ಚಾ ಹೊಲಿಗೆ ಹಾಕಿ (ಸೀಮೆಸುಣ್ಣ ಕಂಬಳಿಯ ಮೇಲೆ ನಿಲ್ಲುವುದಿಲ್ಲ). ಗೆರೆಯ ಎರಡೂ ಕಡೆ ಕಾಲು ಇಂಚು ಬಿಟ್ಟು ಜಿಗ್‌ಜ್ಯಾಗ್ ಹೊಲಿಗೆ ಒಂದೊಂದು ಸಾಲು. ಆಮೇಲೆ ನಡುವೆ ಕತ್ತರಿ. ಅವಸರಪಟ್ಟು ಮೊದಲೇ ಕತ್ತರಿಸಿದರೆ ಕೈನೂಲಿನ ಹೊಕ್ಕು (ಅಡ್ಡ ಎಳೆ) ಒಂದೊಂದಾಗಿ ಕಳಚಿ ನಿಮಿಷದಲ್ಲಿ ಎರಡು ಇಂಚು ಬಟ್ಟೆ ಕೈಬಿಡುತ್ತದೆ.

ಮನೆಯ ಹೊಲಿಗೆ ಯಂತ್ರ ಎರಡು ಪದರ ಕಂಬಳಿಯನ್ನು ಹೊಲಿಯಬಲ್ಲದು, ಮೂರಕ್ಕೆ ತಿಣುಕುತ್ತದೆ, ನಾಲ್ಕಕ್ಕೆ ಸೂಜಿ ಮುರಿಯುತ್ತದೆ. 16 ಅಥವಾ 18 ನಂಬರಿನ ಸೂಜಿ, 4 ಮಿಲಿಮೀಟರ್ ಉದ್ದದ ಹೊಲಿಗೆ, ಪಾದದ ಒತ್ತಡ ಅರ್ಧಕ್ಕೆ ಇಳಿಸಿ. ಒತ್ತಡ ಹೆಚ್ಚಿದ್ದರೆ ಮೇಲಿನ ಪದರ ಮುಂದೆ ಸರಿದು ಹೊಲಿಗೆ ಅಲೆಅಲೆಯಾಗುತ್ತದೆ. ದಬ್ಬಳ ಮತ್ತು ಎರಡೆಳೆ ದಪ್ಪ ಹತ್ತಿ ದಾರದಲ್ಲಿ ಕೈಹೊಲಿಗೆ ಹಾಕಿದರೂ ಆಗುತ್ತದೆ. ಹುಡ್ ಹೊಲಿಗೆ ಒಂದು ಸಂಜೆಯ ಕೆಲಸ.

ಹುಡ್

ಒಂದು ಚೌಕವನ್ನು ಕತ್ತರಿಸಿದ ಅಂಚು ಮೇಲೆ ಬರುವಂತೆ ಹಾಸಿ, ಎಡ ಬಲದ ಅಂಚುಗಳನ್ನು ಕೂಡಿಸಿ ಮಡಚಿ. 24 ಇಂಚು ಅಗಲ, 48 ಇಂಚು ಎತ್ತರ. ಮೇಲ್ತುದಿಯಿಂದ ಅರ್ಧ ಇಂಚು ಕೆಳಗೆ, ಬೆನ್ನಿನ ಮಡಿಕೆಯಿಂದ ಶುರುಮಾಡಿ 14 ಇಂಚಿನವರೆಗೆ ಹೊಲಿಯಿರಿ. ಕೊನೆಯಲ್ಲಿ ಮೂರು ಸಲ ಹಿಂದುಮುಂದು ಹೊಲಿದು ಗಟ್ಟಿ ಮಾಡಿ, ಹಣೆಯ ಮೇಲೆ ಬರುವ ಈ ಜಾಗವೇ ಹೆಚ್ಚು ಎಳೆತ ತಾಳುವುದು. ಹುಡ್ ಹಿಡಿದು ತಲೆಯಿಂದ ಹಿಂದಕ್ಕೆ ತಳ್ಳಿದಾಗೆಲ್ಲ ಇಲ್ಲೇ ಬಿಚ್ಚುತ್ತದೆ. ಮಕ್ಕಳಿಗಾದರೆ 11 ಇಂಚು ಸಾಕು.

ಇಷ್ಟಕ್ಕೇ ಬಿಟ್ಟರೆ ಹಿಂದೆ ಚೂಪು ಕೊಂಬಿನ ಟೊಪ್ಪಿಗೆಯಾಗುತ್ತದೆ. ಕೆಲವರಿಗೆ ಅದೇ ಇಷ್ಟ, ಹಳೆಯ ಕೊಪ್ಪೆಯ ಗುರುತೂ ಹೌದು. ತಲೆಗೆ ಹೊಂದಿ ಕೂರಬೇಕೆಂದರೆ ಮೂಲೆಯನ್ನು ಚಪ್ಪಟೆ ಮಾಡಬೇಕು. ಒಳಮುಖ ಹೊರಗಿರುವಾಗಲೇ ಮೂಲೆಯನ್ನು ಬಿಡಿಸಿ, ಮೇಲಿನ ಹೊಲಿಗೆ ಬೆನ್ನಿನ ಮಡಿಕೆಯ ಗೆರೆಯ ಮೇಲೆ ಸರಿಯಾಗಿ ಕೂರುವಂತೆ ಒತ್ತಿ. ಒಂದು ತ್ರಿಕೋನ ಕಾಣುತ್ತದೆ. ಅದರ ಚೂಪಿನಿಂದ ಮೂರೂವರೆ ಇಂಚು ಕೆಳಗೆ ಅಡ್ಡ ಗೆರೆ ಎಳೆದರೆ ಆ ಗೆರೆ 7 ಇಂಚು ಉದ್ದ ಬರಬೇಕು. 6 ಬಂದರೆ, 8 ಬಂದರೆ ಹೊಲಿಗೆಯೂ ಮಡಿಕೆಯೂ ಒಂದರ ಮೇಲೊಂದು ಕೂತಿಲ್ಲ ಎಂದರ್ಥ, ಬಿಚ್ಚಿ ಮತ್ತೆ ಕೂರಿಸಿ. ಗೆರೆಯ ಮೇಲೆ ಎರಡು ಸಾಲು ಹೊಲಿಯಿರಿ. ತ್ರಿಕೋನವನ್ನು ಕತ್ತರಿಸಬೇಡಿ, ಕೆಳಕ್ಕೆ ಮಡಚಿ ನಾಲ್ಕು ಟಾಕು ಹಾಕಿ. ತಲೆಯ ಹಿಂಭಾಗಕ್ಕೆ ಅದೊಂದು ಹೆಚ್ಚಿನ ಪದರ. ಮಕ್ಕಳದ್ದಕ್ಕೆ ಎರಡೂವರೆ ಇಂಚಿನಲ್ಲಿ, 5 ಇಂಚಿನ ಗೆರೆ.

ಈಗ ತಿರುಗಿಸಿ ತೊಟ್ಟು ನೋಡಿ. ಐದು ಅಡಿ ನಾಲ್ಕು ಇಂಚು ಎತ್ತರದವರಿಗೆ ಕೆಳತುದಿ ಮೊಣಕಾಲಿನ ಹತ್ತಿರ ನಿಲ್ಲುತ್ತದೆ. ಹಣೆಯಿಂದ ಮುಂದಿನ 10 ಇಂಚು ಹೊಲಿಯದ ಭಾಗ ಮುಖದ ಎರಡೂ ಬದಿ ಕೋಟಿನ ಕಾಲರಿನಂತೆ ಹೊರಳುತ್ತದೆ. ಆ ಭಾಗದ ಕತ್ತರಿಸಿದ ಅಂಚಿಗೆ ಒಂದು ಇಂಚಿನ ಹತ್ತಿ ಪಟ್ಟಿ ಕೊಡಿ, ಇಲ್ಲವೇ ಉಣ್ಣೆ ನೂಲಿನಲ್ಲಿ ಒತ್ತಾಗಿ ಕಂಬಳಿ ಹೊಲಿಗೆ (ಬ್ಲ್ಯಾಂಕೆಟ್ ಸ್ಟಿಚ್) ಹಾಕಿ. ಕಂಬಳಿ ಹೊಲಿಗೆ ಎಂಬ ಹೆಸರು ಹುಟ್ಟಿದ್ದೇ ಇಂಥ ಅಂಚಿಗೆ.

ಕುತ್ತಿಗೆ ಮತ್ತು ಕಸೆ

ಹೆಚ್ಚಿನವರು ಎಡವುವುದು ಇಲ್ಲಿ. ಹುಡ್ ಚೆನ್ನಾಗಿ ಬಂದಿರುತ್ತದೆ, ಆದರೆ ಕುತ್ತಿಗೆ ಹಿಡಿದಿಲ್ಲದ ಕಾರಣ ಇಡೀ ಭಾರ ತಲೆಯ ಮೇಲೆ ಬಿದ್ದು, ಅರ್ಧ ಗಂಟೆಯಲ್ಲಿ ತಲೆನೋವು. ಭಾರ ಹೆಗಲಿಗೆ ಬರಬೇಕಾದರೆ ಹಿಂಗತ್ತಿನಲ್ಲಿ ನಿರಿಗೆ ಬೇಕು.

ಹುಡ್‌ನ ಚಪ್ಪಟೆ ಹೊಲಿಗೆಯಿಂದ ಬೆನ್ನಿನ ನಡುಗೆರೆಯಲ್ಲಿ 12ರಿಂದ 13 ಇಂಚು ಕೆಳಗೆ ಗುರುತು ಹಾಕಿ. ತೊಟ್ಟು ನೋಡಿದಾಗ ಅದು ಕುತ್ತಿಗೆಯ ಹಿಂದಿನ ಮೂಳೆಯ ಮೇಲೆ ಬರಬೇಕು. ಅದೇ ಮಟ್ಟದಲ್ಲಿ ನಡುಗೆರೆಯಿಂದ 4 ಇಂಚು ಎಡಕ್ಕೆ, 4 ಇಂಚು ಬಲಕ್ಕೆ ಒಂದೊಂದು ನಿರಿಗೆ, ಎರಡು ಇಂಚು ಆಳ, ಮಡಿಕೆ ನಡುಗೆರೆಯ ಕಡೆಗೆ. ಒಂದು ನಿರಿಗೆ 4 ಇಂಚು ಬಟ್ಟೆ ತಿನ್ನುತ್ತದೆ, ಎರಡು ಸೇರಿ 8. ಬೆನ್ನಿನ ಗೆರೆಯಿಂದ ಎರಡೂ ಕಡೆ 14 ಇಂಚಿಗೆ ಕಸೆ ಕಟ್ಟಿದರೆ ಮೊದಲು 28 ಇಂಚು ಇದ್ದ ಸುತ್ತಳತೆ 20ಕ್ಕೆ ಇಳಿಯುತ್ತದೆ, ಸ್ವೆಟರಿನ ಮೇಲೆ ತೊಡಲು ಇದು ಸರಿ. ನಿರಿಗೆಯನ್ನು ಒಂದೂವರೆ ಇಂಚು ಎತ್ತರಕ್ಕೆ ಮಾತ್ರ ಕೈಯಲ್ಲಿ ಹೊಲಿಯಿರಿ, ಯಂತ್ರಕ್ಕೆ ಇದು ಮೂರು ಪದರ. ಕೆಳಗೆ ಬಿಟ್ಟ ಬಟ್ಟೆ ಹೆಗಲಿಗೆ ಅಗಲವಾಗಿ ಹರಡಿಕೊಳ್ಳುತ್ತದೆ.

ಗುಂಡಿತೂತು ಕತ್ತರಿಸುವ ಯೋಚನೆ ಬೇಡ. ಸಡಿಲ ನೇಯ್ಗೆಯಲ್ಲಿ ತೂತು ವಾರದಲ್ಲಿ ಅಗಲವಾಗಿ ಗುಂಡಿ ಜಾರುತ್ತದೆ. ಉಣ್ಣೆ ನೂಲನ್ನು ಆರೆಳೆ ಸೇರಿಸಿ ಹುರಿ ಹೊಸೆದು 12 ಇಂಚಿನ ಎರಡು ಕಸೆ ಮಾಡಿ, ಅಥವಾ ಮರದ ಉದ್ದ ಗುಂಡಿಗೆ ಹುರಿಯ ಕುಣಿಕೆ ಕೊಡಿ. ಯಾವುದಾದರೂ ಸರಿ, ಹೊಲಿಯುವ ಜಾಗದ ಒಳಗೆ ಎರಡು ಇಂಚಿನ ದಪ್ಪ ಹತ್ತಿ ಬಟ್ಟೆಯ ಚೌಕ ಇಟ್ಟು ಅದನ್ನೂ ಸೇರಿಸಿ ಹೊಲಿಯಬೇಕು. ಕಸೆಯಿಂದ ಆಚೆಗಿನ ಬಟ್ಟೆ ಎದೆಯ ಮೇಲೆ ಒಂದರ ಮೇಲೊಂದು ಬಂದು ಗಾಳಿ ತಡೆಯುತ್ತದೆ. ತೋಳಿನ ಮಟ್ಟದಲ್ಲಿ ಅಂಚುಗಳು ಮುಟ್ಟಿದರೆ ಸಾಕು, ಅದರ ಕೆಳಗೆ ತೆರೆದೇ ಇರಲಿ, ನಡಿಗೆಗೆ ಬೇಕು.

ಚುಚ್ಚುತ್ತದೆ ಎಂಬ ದೂರು ಸಹಜ. ದಖ್ಖನಿ ಕುರಿಯ ಉಣ್ಣೆಯೆಳೆ ನವಿರು ಉಣ್ಣೆಗೆ ಹೆಸರಾದ ಮೆರಿನೊ ಕುರಿಯದ್ದಕ್ಕಿಂತ ಬಹಳ ದಪ್ಪ, ದಪ್ಪ ಎಳೆಯ ತುದಿ ಬಾಗದೆ ಚರ್ಮಕ್ಕೆ ಒತ್ತುತ್ತದೆ. ಕಂಬಳಿಯ ಮೇಲೆ ಕೂತು ಉಣ್ಣುತ್ತ ಕೂದಲು ಸಿಕ್ಕಿತು ಅಂದ ಹಾಗೆ, ಅದನ್ನು ಪೂರ್ತಿ ತೆಗೆಯಲು ಹೋಗಬಾರದು. ಕುತ್ತಿಗೆ, ಗಲ್ಲ ತಾಗುವ ಕಡೆ 4 ಇಂಚು ಅಗಲದ ಮೆತ್ತನೆ ಹತ್ತಿ ಅಥವಾ ಖಾದಿ ಪಟ್ಟಿಯನ್ನು ಒಳಗಿನಿಂದ ಹೊಲಿದರೆ ಮುಗಿಯಿತು. ಪಟ್ಟಿಯನ್ನು ಮೊದಲೇ ಒಗೆದು ಕುಗ್ಗಿಸಿರಬೇಕು, ಅಂಚಿನಿಂದ ಕಾಲು ಇಂಚು ಒಳಗೇ ನಿಲ್ಲಿಸಬೇಕು. ಹತ್ತಿ ಹೊರಗೆ ಇಣುಕಿದರೆ ಮಳೆನೀರನ್ನು ಬತ್ತಿಯಂತೆ ಒಳಕ್ಕೆ ಎಳೆದು ಕುತ್ತಿಗೆ ಒದ್ದೆ ಮಾಡುತ್ತದೆ. ಇದೇ ಕಾರಣಕ್ಕೆ ಇಡೀ ಕೇಪ್‌ಗೆ ಹತ್ತಿಯ ಒಳಪದರ ಕೊಡುವುದೂ ಒಳ್ಳೆಯದಲ್ಲ.

ಪೊಂಚೊನೇ ಬೇಕು ಎನ್ನುವವರಿಗೆ ಎರಡು ಮಾತು. 96 ಇಂಚು ಅದಕ್ಕೆ ಉದ್ದ ಹೆಚ್ಚು, ಮುಂದೆ ಪಾದದ ಹತ್ತಿರ ಬಂದು ಎಡವಿಸುತ್ತದೆ. 72ರಿಂದ 76 ಇಂಚಿನ ಕಂಬಳಿ ತೆಗೆದುಕೊಳ್ಳಿ. ಎರಡು ಪಟ್ಟಿ ಜೋಡಿಸಿದ ಕಂಬಳಿ ಸಿಕ್ಕರೆ ಕತ್ತರಿಯೇ ಬೇಡ, ನಡುವಿನ ಹೊಲಿಗೆಯನ್ನು 12 ಇಂಚು ಬಿಚ್ಚಿದರೆ ಸುತ್ತಳತೆ 24 ಆಗಿ ತಲೆ ಹೋಗುತ್ತದೆ. ಆ 12 ಇಂಚಿನಲ್ಲಿ ಹೆಗಲಿನ ಗೆರೆಯಿಂದ 5 ಹಿಂದಕ್ಕೆ, 7 ಮುಂದಕ್ಕೆ ಬರಲಿ. ಸಮವಾಗಿ ಬಿಚ್ಚಿದರೆ ಮುಂದಿನ ಅಂಚು ಗಂಟಲಿಗೆ ಒತ್ತುತ್ತದೆ. ಸೀಳಿನ ಎರಡೂ ತುದಿಗೆ ಅಡ್ಡ ಹೊಲಿಗೆ ಕೊಡದಿದ್ದರೆ ತೊಟ್ಟು ತೆಗೆದಂತೆಲ್ಲ ಸೀಳು ಬೆಳೆಯುತ್ತದೆ.

ನೀರು ಜಾರಿಸುವುದು, ನುಸಿ ಓಡಿಸುವುದು

ಒಗೆದಾಗಲೆಲ್ಲ ಉಣ್ಣೆಯ ಸಹಜ ಜಿಡ್ಡು ಒಂದಿಷ್ಟು ಹೋಗುತ್ತದೆ. ಅದನ್ನು ಮರಳಿ ಕೊಡಲು ಔಷಧದಂಗಡಿಯಲ್ಲೋ ಸೌಂದರ್ಯ ಸಾಮಗ್ರಿಯ ಕಚ್ಚಾವಸ್ತು ಮಾರುವಲ್ಲೋ ಸಿಗುವ ಲ್ಯಾನೊಲಿನ್ (ಕುರಿ ಉಣ್ಣೆಯಿಂದ ತೆಗೆದ ಜಿಡ್ಡು) ತನ್ನಿ. ಒಂದು ಕೆಜಿ ಒಣ ಬಟ್ಟೆಗೆ 15ರಿಂದ 20 ಗ್ರಾಂ. ಒಂದು ಲೋಟ ಬಿಸಿನೀರಿಗೆ ಹಾಕಿ, ಕ್ಷಾರವಿಲ್ಲದ ದ್ರವ ಸೋಪು ನಾಲ್ಕೈದು ಹನಿ ಬಿಟ್ಟು, ಹಾಲಿನಂತೆ ಬೆಳ್ಳಗಾಗುವವರೆಗೆ ಕಲಕಿ. ಮೇಲೆ ಜಿಡ್ಡಿನ ಕಣ್ಣು ತೇಲುತ್ತಿದ್ದರೆ ಇನ್ನೂ ಬೆರೆತಿಲ್ಲ, ಹಾಗೇ ಸುರಿದರೆ ಬಟ್ಟೆಯಲ್ಲಿ ಅಂಟು ಮಚ್ಚೆಗಳಾಗುತ್ತವೆ. ಬೆರೆತದ್ದನ್ನು ಕೈಗೆ ಹಿತವಾದ ಉಗುರುಬೆಚ್ಚಗಿನ ನೀರಿಗೆ ಸೇರಿಸಿ, ಮೊದಲೇ ಒದ್ದೆ ಮಾಡಿದ ಕೇಪ್ ಮುಳುಗಿಸಿ ರಾತ್ರಿಯಿಡೀ ಬಿಡಿ. ಮತ್ತೆ ಜಾಲಾಡಬೇಡಿ. ಒತ್ತಿ ನೀರಿಳಿಸಿ ಒಣಗಿಸಿ. ವರ್ಷಕ್ಕೊಮ್ಮೆ, ಮಳೆಗಾಲದ ಮುಂಚೆ ಮಾಡಿದರೆ ಸಾಕು. ತುಂತುರು ಮಳೆ ಮೇಲೇ ಮಣಿಯಾಗಿ ಜಾರುತ್ತದೆ, ಜಡಿಮಳೆಗೆ ಇದೂ ಉತ್ತರವಲ್ಲ.

ಒದ್ದೆ ಕೇಪನ್ನು ಮೊಳೆಗೆ ನೇತುಹಾಕಿದರೆ ಹುಡ್ ಎಳೆದು ಕೊಂಬಾಗುತ್ತದೆ, ಗಳುವಿನ ಮೇಲೆ ಹರಡಿ. ಒಲೆಯ ಎದುರು ಹಿಡಿದು ಒಣಗಿಸಿದರೆ ಎಳೆ ಪೆಡಸಾಗಿ ಮುರಿಯುತ್ತದೆ. ಇಸ್ತ್ರಿ ಬೇಕಾದರೆ ಒದ್ದೆ ಹತ್ತಿ ಬಟ್ಟೆ ಮೇಲಿಟ್ಟು ಒತ್ತಿ ಎತ್ತಬೇಕು, ಎಳೆಯಬಾರದು.

ನುಸಿಯಲ್ಲಿ ಉಣ್ಣೆ ತಿನ್ನುವುದು ಹಾರುವ ಪತಂಗವಲ್ಲ, ಅದರ ಮರಿಹುಳು. ಬೆವರು, ಎಣ್ಣೆ, ಊಟದ ಕಲೆ ಹತ್ತಿದ ಜಾಗವನ್ನೇ ಅದು ಮೊದಲು ಹುಡುಕುವುದು, ಆದ್ದರಿಂದ ಕೊಳೆ ಇದ್ದಂತೆ ಮಡಚಿಡಬೇಡಿ. ಹಿಂದೆ ಕಂಬಳಿಯನ್ನು ಅಡುಗೆಮನೆಯ ಅಟ್ಟದಲ್ಲಿ ಹೊಗೆ ತಾಗುವಲ್ಲಿ ಇಡುತ್ತಿದ್ದರು. ಈಗ ಅಟ್ಟವೂ ಇಲ್ಲ, ಹೊಗೆಯೂ ಇಲ್ಲ. ತಿಂಗಳಿಗೊಮ್ಮೆ ಬಿಸಿಲಿಗೆ ಹಿಡಿದು ಕೊಡವಿ, ಒಣಗಿದ ಲಕ್ಕಿ ಸೊಪ್ಪೋ ಬೇವಿನ ಸೊಪ್ಪೋ ಹಾಕಿ ಹತ್ತಿ ಚೀಲದಲ್ಲಿ ಕಟ್ಟಿಡಿ. ಸೊಪ್ಪು ಪತಂಗವನ್ನು ದೂರವಿಡಬಹುದು, ಒಳಗಿರುವ ಮರಿಯನ್ನು ಕೊಲ್ಲುವುದಿಲ್ಲ. ಈಗಾಗಲೇ ಸಣ್ಣ ತೂತು ಕಂಡಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಮೈನಸ್ 18 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ ಒಂದು ವಾರ ಇಡಿ. ಹೊರತೆಗೆದ ಮೇಲೆ ಚೀಲವನ್ನು ಕೂಡಲೇ ಬಿಚ್ಚದೆ ಒಂದು ದಿನ ಬಿಡಿ, ಇಲ್ಲದಿದ್ದರೆ ಹೊರಗಿನ ತೇವ ತಣ್ಣನೆ ಉಣ್ಣೆಯ ಮೇಲೆ ಇಬ್ಬನಿಯಂತೆ ಕೂರುತ್ತದೆ. ತೂತುಗಳನ್ನು ರಫು ಮಾಡಲು (ನೂಲಿನಿಂದ ಹೆಣೆದು ಮುಚ್ಚಲು) ಕತ್ತರಿಸಿದ ಅಂಚಿನಿಂದ ಕಳಚಿದ ನೂಲೇ ಬೇಕು, ಅಂಗಡಿಯ ಉಣ್ಣೆಯಲ್ಲಿ ಆ ಕಪ್ಪು ಸಿಗುವುದಿಲ್ಲ. ಹಾಗಾಗಿ ಕಂಬಳಿ ಕತ್ತರಿಸಿದ ದಿನವೇ ಉದುರಿದ ಎಳೆಗಳನ್ನು ಒಂದು ಕಡ್ಡಿಗೆ ಸುತ್ತಿ, ಕೇಪ್‌ನ ಚೀಲದಲ್ಲೇ ಹಾಕಿಡಿ.